ಬುಲೆಟ್ ಟೈಮಿಂಗ್ ಲೇಟ್ ಮಾಡಿಸಿದವರು ಇದ್ದೀರಾ? ಅನುಭವ ಹೇಳಿ

ಹೊಸಬ: ಮಾವ ತಮ್ಮ 1998ರ ಬುಲೆಟ್ 350 ನನಗೆ ಕೊಟ್ಟಿದ್ದಾರೆ. ಕಾಸ್ಟ್ ಐರನ್ ಎಂಜಿನ್, ಪಾಯಿಂಟ್ಸ್ (ಪ್ಲಗ್‌ಗೆ ಕಿಡಿ ಕೊಡಿಸುವ ಸ್ವಿಚ್) ಇರುವುದು. ಟೈಮಿಂಗ್ ಲೇಟ್ ಮಾಡಿ, ಅಂದರೆ ಪ್ಲಗ್ ಕಿಡಿ ಸ್ವಲ್ಪ ತಡವಾಗಿ ಬೀಳುವಂತೆ ಮಾಡಿ, ಐಡ್ಲಿಂಗ್ (ಗಾಡಿ ನಿಂತಾಗಿನ ಎಂಜಿನ್ ವೇಗ) ಇಳಿಸಿದರೆ ಒಳ್ಳೆ ಡುಗ್ ಡುಗ್ ಬೀಟ್ ಬರುತ್ತದೆ ಅಂತ ಗ್ಯಾರೇಜಿನವರು ಹೇಳುತ್ತಿದ್ದಾರೆ. ದಿನಾ 30 ಕಿ.ಮೀ. ಆಫೀಸಿಗೆ ಓಡಿಸುತ್ತೇನೆ. ಮಾಡಿಸಬಹುದಾ?

ಹಾಸನ 350: ನಾನು ಮಾಡಿಸಿದ್ದೆ. ಆರು ತಿಂಗಳು ರಾಜನ ಹಾಗೆ ತಿರುಗಿದೆ. ಸಿಗ್ನಲ್‌ನಲ್ಲಿ ನಿಂತರೆ ಗಾಡಿ ಆಫ್ ಆಯಿತೇನೋ ಅನ್ನಿಸಬೇಕು, ಆಗ ಇನ್ನೊಂದು ಡುಗ್ ಬರುತ್ತಿತ್ತು. ಆಂಪಿಯರ್ ಮೀಟರ್ ಮುಳ್ಳು ಒಂದೊಂದು ಹೊಡೆತಕ್ಕೂ ತಲೆ ಆಡಿಸುತ್ತಿತ್ತು, ಅದನ್ನೇ ನೋಡುತ್ತಾ ಕೂರುತ್ತಿದ್ದೆ. ಮೊದಲು ಸೈಲೆನ್ಸರ್‌ಗೆ ಹೋಗುವ ಬೆಂಡ್ ಪೈಪ್ ಬಿಸಿಗೆ ನೀಲಿಯಾಯಿತು. ಅದೂ ಚೆಂದವೇ ಅಂದುಕೊಂಡೆ, ಬುದ್ಧಿ ಇರಲಿಲ್ಲ. ಆಮೇಲೆ ಒಂದು ದಿನ ಶಿರಾಡಿ ಘಾಟಿ ಹತ್ತುವಾಗ ಬಿಸಿಯಾಗಿ ಎಳೆಯುವುದನ್ನೇ ಬಿಟ್ಟಿತು. ಬಿಚ್ಚಿಸಿದರೆ ಮೇಲೆ ಹೆಡ್ಡಿನ ರಾಕರ್ ಬುಷ್ ಸವೆದು ಹೋಗಿದೆ, ಕೆಳಗೆ ಕ್ರ್ಯಾಂಕಿನ ಬಿಗ್ ಎಂಡ್ ಬುಷ್ ಕೂಡ. ಹೆಡ್ ಕೆಲಸ 4,200, ಕ್ರ್ಯಾಂಕ್ 6,800, ಬೋರ್ ಮತ್ತು ಪಿಸ್ಟನ್ 5,500, ಆಯಿಲ್ ಗ್ಯಾಸ್ಕೆಟ್ 1,350. ಒಟ್ಟು 17,850. ಸಕಲೇಶಪುರದಿಂದ ಮನೆಗೆ ತರಲು ಗೂಡ್ಸ್ ಆಟೋಗೆ ಕೊಟ್ಟ 2,500 ಬೇರೆ. ಹೆಂಡತಿಗೆ ಇನ್ನೂ ಅರ್ಧ ಬಿಲ್ಲೇ ಗೊತ್ತಿರುವುದು.

ರೈಟ್ ಗೇರ್: ಸುಮ್ನೆ ಹೆದರಿಸಬೇಡಿ. ಟೈಮಿಂಗ್ ಲೇಟ್ ಆದರೆ ಎಂಜಿನ್ ಬಿಸಿಯಾಗುತ್ತದೆ, ಪಿಕಪ್ ಸಾಯುತ್ತದೆ, ನಿಜ. ಆದರೆ ಬುಷ್ ತಿಂದದ್ದು ನೀವು ಇಳಿಸಿದ ಐಡ್ಲಿಂಗ್. ಆಯಿಲ್ ಪಂಪ್ ತಿರುಗುವುದೇ ಕ್ರ್ಯಾಂಕ್‌ನಿಂದ, ಅದು ನಿಧಾನವಾದರೆ ಮೇಲೆ ಹೆಡ್ಡಿಗೆ ಆಯಿಲ್ ಎಲ್ಲಿಂದ ಬರಬೇಕು? ನನ್ನದು 11 ವರ್ಷದಿಂದ ಲೇಟ್ ಟೈಮಿಂಗ್‌ನಲ್ಲೇ ಇದೆ. ಪಾಯಿಂಟ್ ಗ್ಯಾಪ್ 0.35 ರಿಂದ 0.40 ಮಿ.ಮೀ. ಬಿಟ್ಟು ಆಚೀಚೆ ಹೋಗಲು ಬಿಡುವುದಿಲ್ಲ. ದೂರ ಹೋಗುವ ಹಿಂದಿನ ರಾತ್ರಿ ಕವರ್ ಬಿಚ್ಚಿ ಪಾಯಿಂಟ್ಸ್ ಕೂತಿರುವ ಪ್ಲೇಟ್ ಒಂದು ಕೂದಲೆಳೆ ತಿರುಗಿಸಿ ಸರಿ ಮಾಡುತ್ತೇನೆ, ಬಂದ ಮೇಲೆ ಮತ್ತೆ ಲೇಟ್. ಮೈಲೇಜ್ ಕೇಳಬೇಡಿ. ಲೆಕ್ಕ ಹಾಕುವವರು ಸ್ಪ್ಲೆಂಡರ್ ತಗೊಳ್ಳಲಿ.

ಹಾಸನ 350: ಭಾನುವಾರ ದೇವಸ್ಥಾನದವರೆಗೆ ಹೋಗಿಬರುವುದಕ್ಕೆ ಓಡಿಸುವುದು ಅನ್ನುವುದಿಲ್ಲ ಸ್ವಾಮಿ.

ರೈಟ್ ಗೇರ್: ಆಯಿಲ್ ಬದಲಾಯಿಸದೆ ಎಂಜಿನ್ ಕೆಡಿಸಿಕೊಂಡವರು ಬೀಟ್ ಮೇಲೆ ತಪ್ಪು ಹಾಕಬಾರದು.

ಪೇಟಿ ಧಾರವಾಡ: ನನ್ನದು ಬುಲೆಟ್ ಅಲ್ಲ, ಹಾರ್ಮೋನಿಯಂ. ಬೇಕಂತಲೇ ಟ್ಯೂನ್ ತಪ್ಪಿಸುವ ಮಾತು ಬಂತಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅಂಗಡಿಯಿಂದ ಬಂದ ಪೇಟಿಯ ಗಾಂಧಾರ ತಂಬೂರಿ ಜೊತೆ ಚುಚ್ಚುತ್ತದೆ, ಸುಮಾರು 14 ಸೆಂಟ್ ಜಾಸ್ತಿ (ಒಂದು ಮನೆಯಿಂದ ಪಕ್ಕದ ಮನೆಗೆ 100 ಸೆಂಟ್). ಒಳಗೆ ನಾದ ಕೊಡುವ ಹಿತ್ತಾಳೆ ಪಟ್ಟಿ, ಅಂದರೆ ರೀಡಿನ ಬುಡ ಕೆರೆದರೆ ಸ್ವರ ಇಳಿಯುತ್ತದೆ, ತುದಿ ಕೆರೆದರೆ ಏರುತ್ತದೆ. ಮೂರು ಸಂಜೆ ಕೂತು ಕೆರೆದೆ, ಎರಡು ರೀಡ್ ಮುರಿದೆ. ಈಗ ಕಪ್ಪು 1 (ಮೊದಲ ಕಪ್ಪು ಮನೆ) ಷಡ್ಜ ಮಾಡಿಕೊಂಡು ಹಾಡಿದರೆ ಜೇನು. ಬೇರೆ ಶ್ರುತಿಯವರು ಬಂದರೆ ಹಾಡಲಾಗುವುದಿಲ್ಲ. ಮಗಳು ಶಾಲೆಯ ಕಾರ್ಯಕ್ರಮಕ್ಕೆ ಒಯ್ದಿದ್ದಳು, ಕೀಬೋರ್ಡ್ ಜೊತೆ ಕೂಡಲಿಲ್ಲ, ಅತ್ತುಕೊಂಡು ಬಂದಳು.

ಹಾಸನ 350: ಪೇಟಿ ಕೆಡಿಸಿಕೊಂಡಿರಿ ಅನ್ನಿ.

ಪೇಟಿ ಧಾರವಾಡ: ಕೆಡಿಸಿದ್ದಲ್ಲ, ಸರಿ ಮಾಡಿದ್ದು! ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂ ಹೊರಗಿಟ್ಟಿತ್ತು. ಶ್ರುತಿಗೆ ಕೂಡುವುದಿಲ್ಲ, ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಬರುವುದಿಲ್ಲ ಅನ್ನುವುದೇ ಆಗಿನ ಆಕ್ಷೇಪ. ಕಿವಿ ಇದ್ದವರಿಗೆ ಗೊತ್ತಾಗುತ್ತದೆ.

ರೈಟ್ ಗೇರ್: ನೋಡಿ, ಕಿವಿ ಅಂದರೆ ಇದು. ಬೀಟ್ ಕೂಡ ಹಾಗೇ.

ಪೇಟಿ ಧಾರವಾಡ: ದಯವಿಟ್ಟು ನನ್ನನ್ನು ನಿಮ್ಮ ಸೈಲೆನ್ಸರ್ ಜೊತೆ ಸೇರಿಸಬೇಡಿ. ನಮ್ಮ ಓಣಿಯಲ್ಲೂ ಒಬ್ಬ ಇದ್ದಾನೆ, ಬೆಳಿಗ್ಗೆ ರಿಯಾಜ್‌ಗೆ ಕೂತಾಗಲೇ ಸ್ಟಾರ್ಟ್ ಮಾಡುತ್ತಾನೆ.

ಹೊಸಬ: ಸರ್, ದಿನಾ 30 ಕಿ.ಮೀ. ಅಂದಿದ್ದೆ...

ಹಾಸನ 350: ಮಾಡಿಸಬೇಡಿ. ರೈಟ್ ಗೇರ್ ಅವರೇ, 11 ವರ್ಷದಲ್ಲಿ ಎಷ್ಟು ಓಡಿದೆ, ಮೀಟರ್ ಫೋಟೋ ಹಾಕಿ ನೋಡೋಣ.

ರೈಟ್ ಗೇರ್: ಮೀಟರ್ ಕೇಬಲ್ ತುಂಡಾಗಿ ನಾಲ್ಕು ವರ್ಷ ಆಯಿತು.