ಅಮ್ಮನನ್ನು ಕರೆದುಕೊಂಡು ಸ್ಪಿತಿಗೆ ಹೋಗಬಹುದೇ? ಹೋಗಿ ಬಂದವರ ಅನುಭವಗಳು

ಪ್ರಶ್ನೆ, ಬೆಂಗಳೂರಿನಿಂದ

ಹಿಮಾಚಲದ ಸ್ಪಿತಿ ಕಣಿವೆಯನ್ನು ನೋಡಬೇಕೆಂಬುದು ನಮ್ಮ ಮನೆಯವರೆಲ್ಲರ ಬಹುದಿನಗಳ ಆಸೆ. ಹೊರಡುವವರು ನಾನು, ನನ್ನ ಪತಿ, 11 ವರ್ಷದ ಮಗ ಮತ್ತು 62 ವರ್ಷದ ನನ್ನ ಅಮ್ಮ. ಅಮ್ಮನಿಗೆ ರಕ್ತದೊತ್ತಡವಿದೆ, ಮಾತ್ರೆಯಿಂದ ಹತೋಟಿಯಲ್ಲಿದೆ. ಮಂಡಿನೋವೂ ಇದೆ. ನಮ್ಮಲ್ಲಿ ಯಾರೂ ಹಿಮಾಲಯವನ್ನು ಕಂಡವರಲ್ಲ. ಜುಲೈ ಮೊದಲ ವಾರದಲ್ಲಿ ಒಂಬತ್ತು ದಿನ ರಜೆ ಸಿಗುತ್ತದೆ. ಪ್ರವಾಸದ ಏಜೆಂಟರು ಕೊಟ್ಟ ಯೋಜನೆ ಹೀಗಿದೆ: ಮನಾಲಿಯಿಂದ ಹೊರಟು ಅದೇ ರಾತ್ರಿ ಚಂದ್ರತಾಲ್ ಸರೋವರದ ಬಳಿ ಡೇರೆಯಲ್ಲಿ ತಂಗುವುದು, ಮರುದಿನ ಸ್ಪಿತಿಯ ಮುಖ್ಯ ಊರಾದ ಕಾಜಾ, ಅಲ್ಲಿಂದ ಶಿಮ್ಲಾ ಮಾರ್ಗವಾಗಿ ವಾಪಸು. ಅಮೆರಿಕದ ಪೌರತ್ವ ಪಡೆದಿರುವ ತಮ್ಮನೂ ಸೇರಿಕೊಳ್ಳಬಹುದು. ಅಮ್ಮನನ್ನು ಕರೆದೊಯ್ಯುವುದು ಸರಿಯೇ? ಹೋಗಿ ಬಂದವರು ದಯವಿಟ್ಟು ತಿಳಿಸಿ.

ಶಿವಮೊಗ್ಗದಿಂದ

ಅಮ್ಮನನ್ನು ಕರೆದುಕೊಂಡು ಹೋಗಿ. ಆದರೆ ಆ ಯೋಜನೆಯನ್ನು ಒಪ್ಪಿಕೊಳ್ಳಬೇಡಿ. ಹೆಚ್ಚುಕಡಿಮೆ ಇದೇ ಯೋಜನೆಯನ್ನು ಕಣ್ಣುಮುಚ್ಚಿ ಒಪ್ಪಿಕೊಂಡು ನಾನು ನನ್ನ ಪತಿಯನ್ನು ಕಳೆದುಕೊಳ್ಳುವ ಹಂತಕ್ಕೆ ಹೋಗಿದ್ದೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮನಾಲಿ ಇರುವುದು ಸುಮಾರು 2,050 ಮೀಟರ್ ಎತ್ತರದಲ್ಲಿ, ಚಂದ್ರತಾಲ್ ಸುಮಾರು 4,250 ಮೀಟರ್‌ನಲ್ಲಿ. ನಮ್ಮ ಮುಳ್ಳಯ್ಯನಗಿರಿಯ ತುದಿಯೇ 1,930 ಮೀಟರ್. ಅಂದರೆ ಒಂದೇ ಹಗಲಿನಲ್ಲಿ, ಕಾರಿನಲ್ಲಿ ಕುಳಿತುಕೊಂಡೇ, ಇಡೀ ಮುಳ್ಳಯ್ಯನಗಿರಿಗಿಂತ ಹೆಚ್ಚು ಎತ್ತರ ಏರಿ ಅಲ್ಲೇ ಮಲಗುತ್ತೀರಿ. 2020ರಲ್ಲಿ ಅಟಲ್ ಸುರಂಗ ಆರಂಭವಾದ ಮೇಲೆ ದಾರಿ ಇನ್ನೂ ಚುರುಕಾಗಿದೆ. ರಸ್ತೆಗೆ ಅದು ಒಳ್ಳೆಯದು, ದೇಹಕ್ಕಲ್ಲ.

ನಾವು ಮುಸ್ಸಂಜೆಗೆ ಡೇರೆ ತಲುಪಿದೆವು. ನನ್ನ ಪತಿಗೆ ಆಗ ಸ್ವಲ್ಪ ತಲೆನೋವಿತ್ತು. ಊಟ ಬೇಡವೆಂದರು. ದಾರಿಯ ಆಯಾಸವಿರಬೇಕೆಂದು ನಾವೇ ಅರ್ಥ ಹಚ್ಚಿಕೊಂಡೆವು. ರಾತ್ರಿ ಎರಡು ಗಂಟೆಯ ಸುಮಾರಿಗೆ ಅವರು ಎದ್ದು ಕುಳಿತಿದ್ದರು. ಮಲಗಿದರೆ ಉಸಿರು ಸಾಲುತ್ತಿಲ್ಲ ಎಂದರು. ಹೊರಗೆ ಹೋಗಲು ಶೂ ಹಾಕಿಕೊಳ್ಳುವಾಗ ಟಾರ್ಚಿನ ಬೆಳಕಿನಲ್ಲಿ ಅವರ ಕೈಗಳನ್ನು ನೋಡಿದೆ: ಲೇಸಿನ ಎರಡು ತುದಿಗಳನ್ನು ಹಿಡಿದುಕೊಂಡಿದ್ದಾರೆ, ಗಂಟು ಹಾಕುವುದು ಹೇಗೆಂದು ಗೊತ್ತಾಗುತ್ತಿಲ್ಲ. ಇಪ್ಪತ್ತು ವರ್ಷ ಯಂತ್ರಗಳ ಜೊತೆ ಕೆಲಸ ಮಾಡಿದ ಕೈಗಳವು. ಮೊಬೈಲ್ ಸಿಗ್ನಲ್ ಇಲ್ಲ, ಆಸ್ಪತ್ರೆ ಇಲ್ಲ. ಡೇರೆಯವರು ತಂದುಕೊಟ್ಟ ಸಣ್ಣ ಆಮ್ಲಜನಕದ ಡಬ್ಬಿ ನೋಡುನೋಡುತ್ತಲೇ ಖಾಲಿಯಾಯಿತು. ಚಾಲಕ ಹಿರಿಯರು. ಅವರು ಬೆಳಕು ಹರಿಯುವವರೆಗೂ ಕಾಯಲಿಲ್ಲ. ‘ಕೆಳಗೆ ಇಳಿಯುವುದೇ ಔಷಧಿ’ ಎಂದು ಗಾಡಿ ಹೊರಡಿಸಿದರು. ಬಾತಲ್ ದಾಟಿ ಸಿಸ್ಸುವಿಗೆ ಇಳಿಯುವ ಹೊತ್ತಿಗೆ ನನ್ನ ಪತಿ ಸರಿಯಾಗಿ ಮಾತನಾಡುತ್ತಿದ್ದರು. ಮಧ್ಯಾಹ್ನ ಅನ್ನ ಕೇಳಿದರು. ಆ ಚಾಲಕರ ಋಣ ನಮ್ಮ ಮೇಲೆ ಇದ್ದೇ ಇದೆ.

ಎರಡು ವರ್ಷ ಬಿಟ್ಟು ಮತ್ತೆ ಹೋದೆವು, ಈ ಸಲ ಶಿಮ್ಲಾ ಮತ್ತು ಕಿನ್ನೌರ್ ಕಡೆಯಿಂದ, ನನ್ನ ಅತ್ತೆಯವರನ್ನೂ ಕರೆದುಕೊಂಡು. ಈ ದಾರಿ ಮೆಟ್ಟಿಲಿನಂತೆ ಏರುತ್ತದೆ. ನಾರ್ಕಂಡಾ ಸುಮಾರು 2,700 ಮೀಟರ್, ಕಲ್ಪಾ 2,960, ತಾಬೊ 3,280, ಕಾಜಾ 3,650. ಪ್ರತಿ ಮೆಟ್ಟಿಲಲ್ಲೂ ಒಂದೋ ಎರಡೋ ರಾತ್ರಿ ಮಲಗಿದರೆ ದೇಹಕ್ಕೆ ಹೊಂದಿಕೊಳ್ಳಲು ಸಮಯ ಸಿಗುತ್ತದೆ. ನಾವು ಕಲ್ಪಾದಲ್ಲಿ ಎರಡು ರಾತ್ರಿ ಇದ್ದೆವು. ಬೆಳಗ್ಗೆ ಕಿಟಕಿ ತೆರೆದರೆ ಎದುರಿಗೇ ಕಿನ್ನೌರ್ ಕೈಲಾಸದ ಸಾಲು. ಅತ್ತೆಯವರು ಅಲ್ಲಿಂದ ಏಳಲೇ ಒಪ್ಪಲಿಲ್ಲ. ಆ ಎರಡನೇ ದಿನವನ್ನು ‘ವ್ಯರ್ಥ’ವೆಂದು ಹೇಳುವವರ ಮಾತು ಕೇಳಬೇಡಿ.

ಒಂಬತ್ತು ದಿನಕ್ಕೆ ಸ್ಪಿತಿ ಸಾಲುವುದಿಲ್ಲ, ಖಂಡಿತ ಸಾಲುವುದಿಲ್ಲ. ಚಂಡೀಗಢದಿಂದ ನಾರ್ಕಂಡಾ, ಕಲ್ಪಾದಲ್ಲಿ ಎರಡು ರಾತ್ರಿ, ತಾಬೊದಲ್ಲಿ ಒಂದು, ಕಾಜಾದಲ್ಲಿ ಮೂರು, ಬಂದ ದಾರಿಯಲ್ಲೇ ಇಳಿಯಲು ಮೂರು ದಿನ. ಇದಕ್ಕೇ ಹತ್ತು ದಿನ ಬೇಕು. ಅದರ ಮೇಲೆ ಎರಡು ದಿನ ಖಾಲಿ ಇಟ್ಟುಕೊಳ್ಳಿ. ರಸ್ತೆ ಮುಚ್ಚಿದರೆ, ಯಾರಿಗಾದರೂ ತಲೆನೋವು ಬಂದರೆ, ಆ ಎರಡು ದಿನ ನಿಮ್ಮನ್ನು ಕಾಯುತ್ತವೆ. ಚಂದ್ರತಾಲ್ ಈ ಸಲ ಬೇಡ.

ಜುಲೈಯೂ ಬೇಡ. ಸ್ಪಿತಿ ಮಳೆನೆರಳಿನ ಶೀತಮರುಭೂಮಿ, ನಿಜ. ಆದರೆ ಅಲ್ಲಿಗೆ ಹೋಗುವ ಕಿನ್ನೌರಿನ ದಾರಿಗೆ ಮುಂಗಾರು ಬಡಿಯುತ್ತದೆ. 2021ರ ಜುಲೈಯಲ್ಲಿ ಬತ್ಸೇರಿಯಲ್ಲಿ ಬಂಡೆಗಳು ಉರುಳಿ ಪ್ರವಾಸಿಗರು ಸತ್ತರು, ಮರುತಿಂಗಳು ನಿಗುಲ್ಸರಿಯಲ್ಲಿ ಗುಡ್ಡ ಕುಸಿದು ಬಸ್ಸೇ ಮುಚ್ಚಿಹೋಯಿತು. 2023ರ ಜುಲೈಯಲ್ಲಿ ಚಂದ್ರತಾಲ್‌ನಲ್ಲಿ ಹಿಮ ಬಿದ್ದು ಸುಮಾರು 300 ಜನ ದಿನಗಟ್ಟಲೆ ಸಿಕ್ಕಿಹಾಕಿಕೊಂಡಿದ್ದರು. ಮಗನ ದಸರಾ ರಜೆಗೆ ಹೋಗಿ. ಆ ಹೊತ್ತಿಗೆ ಮಳೆ ಹಿಂದೆ ಸರಿದಿರುತ್ತದೆ, ಆಕಾಶ ತೊಳೆದಿಟ್ಟಂತೆ ಇರುತ್ತದೆ. ರಾತ್ರಿ ಮಾತ್ರ ನೀರು ಹೆಪ್ಪುಗಟ್ಟುವಷ್ಟು ಚಳಿ.

ಮೈಸೂರಿನಿಂದ

ನಾನು ವೈದ್ಯೆ, ಎರಡು ಬಾರಿ ಸ್ಪಿತಿಗೆ ಹೋಗಿದ್ದೇನೆ. ಮೇಲೆ ಬರೆದ ಸಹೋದರಿಯ ಪತಿಗೆ ಆದದ್ದು ಸಣ್ಣದಲ್ಲ. ಕೈ ಹಿಡಿತ ತಪ್ಪುವುದು, ತೂರಾಡುವುದು ಮಿದುಳಿನಲ್ಲಿ ಊತ ಶುರುವಾದ ಲಕ್ಷಣ. ಸುಮ್ಮನೆ ಕುಳಿತಿದ್ದಾಗಲೂ ಉಸಿರು ಸಾಲದಿರುವುದು, ಕೆಮ್ಮು, ಇವು ಶ್ವಾಸಕೋಶದಲ್ಲಿ ನೀರು ತುಂಬುತ್ತಿರುವ ಲಕ್ಷಣ. ಎರಡೂ ಜೀವಕ್ಕೆ ಎರವಾಗಬಲ್ಲವು. ಎರಡಕ್ಕೂ ತಡಮಾಡದೆ ಇಳಿಯಬೇಕು, ರಾತ್ರಿಯಾದರೂ ಸರಿ.

ಕಾಜಾದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಮೂರನೇ ಎರಡು ಭಾಗಕ್ಕಿಂತ ತುಸು ಕಡಿಮೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಿಸಬಾರದು ಎಂಬುದು ನಾವು ಪಾಲಿಸುವ ನಿಯಮ. ಹಗಲಿನಲ್ಲಿ ಕಾಜಾದ ಮೇಲಿರುವ ಲಾಂಗ್ಜಾ, ಹಿಕ್ಕಿಂ ಹಳ್ಳಿಗಳ ಕಡೆ 4,400 ಮೀಟರ್‌ವರೆಗೆ ಹೋಗಿ ಬರಬಹುದು, ಆದರೆ ರಾತ್ರಿ ಕಾಜಾಕ್ಕೆ ಇಳಿದು ಮಲಗಿ.

ರಕ್ತದೊತ್ತಡ ಹತೋಟಿಯಲ್ಲಿರುವವರು ಹೋಗಲೇಬಾರದೆಂದೇನಿಲ್ಲ. ಎತ್ತರದಲ್ಲಿ ಒತ್ತಡ ಏರಬಹುದು, ಅಳೆಯುವ ಯಂತ್ರವನ್ನು ಜೊತೆಗೆ ಒಯ್ಯಿರಿ. ಅಸೆಟಜೋಲಮೈಡ್ ಮಾತ್ರೆಯನ್ನು ಎತ್ತರಕ್ಕೆ ಮುನ್ನೆಚ್ಚರಿಕೆಯಾಗಿ ಕೊಡುತ್ತೇವೆ. ಆದರೆ ಸಲ್ಫಾ ಅಲರ್ಜಿ ಇದ್ದವರಿಗೂ, ಒತ್ತಡಕ್ಕೆಂದು ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಿಗೂ ಯೋಚಿಸಿಯೇ ಕೊಡಬೇಕು. ತಾಯಿಯವರ ಮಾತ್ರೆಗಳ ಚೀಟಿ ಹಿಡಿದು ಅವರ ವೈದ್ಯರನ್ನು ಕಾಣಿ, ಅಂಗಡಿಯಿಂದ ನೀವಾಗಿಯೇ ಕೊಂಡುಕೊಳ್ಳಬೇಡಿ. ಮದ್ಯ, ನಿದ್ದೆಮಾತ್ರೆ ಎರಡೂ ಬೇಡ. ಮಗನ ಬಗ್ಗೆಯೂ ಗಮನವಿರಲಿ. ಎಷ್ಟೋ ಮಕ್ಕಳು ತಲೆನೋವೆಂದು ಹೇಳುವುದಿಲ್ಲ, ಊಟ ಬಿಟ್ಟು ಮಂಕಾಗಿ ಕುಳಿತುಬಿಡುತ್ತಾರೆ.

ಹುಬ್ಬಳ್ಳಿಯಿಂದ

ಬೈಕಿನಲ್ಲಿ ಮನಾಲಿ ಕಡೆಯಿಂದ ಹೋದವನು ನಾನು. ಗ್ರಾಂಫು ದಾಟಿದ ಮೇಲೆ, ಸ್ಪಿತಿಗೆ ಇಳಿಯುವ ಮೊದಲು ಸಿಗುವ ಕುಂಜುಂ ಲಾ ಎಂಬ ಘಾಟಿಯವರೆಗೆ ರಸ್ತೆ ಎನ್ನುವುದಕ್ಕಿಂತ ಹಳ್ಳದ ಪಾತ್ರ ಎನ್ನಬೇಕು, ಮಂಡಿನೋವಿನವರಿಗೆ ಆ ಕುಲುಕಾಟ ಹಿಂಸೆ. ಹಿಮ ಕರಗಿದಂತೆ ಮಧ್ಯಾಹ್ನದ ಮೇಲೆ ತೊರೆಗಳು ಏರುತ್ತವೆ. ಬೆಳಗ್ಗೆ ಮೊಣಕಾಲವರೆಗಿದ್ದ ನೀರು ಮೂರು ಗಂಟೆಗೆ ಸೊಂಟ ಮುಟ್ಟುತ್ತದೆ. ಎಂದಾದರೂ ಆ ದಾರಿ ಹಿಡಿದರೆ ನಸುಕಿನಲ್ಲೇ ಹೊರಡಿ. ಮನಾಲಿ ಬಿಟ್ಟರೆ ಪೆಟ್ರೋಲ್ ಸಿಗುವುದು ಕಾಜಾದಲ್ಲೇ. ನಗದು ಹಣವನ್ನು ಕೆಳಗಿನಿಂದಲೇ ಒಯ್ಯಿರಿ, ಕಾಜಾದ ಎಟಿಎಂ ನಂಬಿ ನಾನು ಒಂದು ದಿನ ಕಳೆದುಕೊಂಡೆ.

ನ್ಯೂಜೆರ್ಸಿಯಿಂದ

ನಿಮ್ಮ ತಮ್ಮನ ವಿಷಯ. ಭಾರತೀಯರಿಗೆ ಸ್ಪಿತಿಗೆ ಪರವಾನಗಿ ಬೇಕಿಲ್ಲ, ಗುರುತಿನ ಚೀಟಿ ಸಾಕು. ವಿದೇಶಿ ಪಾಸ್‌ಪೋರ್ಟ್ ಇದ್ದವರು ಕಿನ್ನೌರ್ ಕಡೆಯಿಂದ ಸ್ಪಿತಿಗೆ ಹೋಗಬೇಕಾದರೆ ಪರವಾನಗಿ ಬೇಕೇ ಬೇಕು, ವಿದೇಶಿ ಪೌರತ್ವ ಪಡೆದ ಭಾರತೀಯ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ ಸಹ. ಕಾರ್ಡ್ ಇದೆಯಲ್ಲ ಎಂದುಕೊಂಡು ಹೋಗಿ, ತಪಾಸಣಾ ಠಾಣೆಯಿಂದ ಕಿನ್ನೌರ್‌ನ ಜಿಲ್ಲಾ ಕೇಂದ್ರ ರೆಕಾಂಗ್ ಪಿಯೊಗೆ ವಾಪಸು ಬಂದವಳು ನಾನು. ಶಿಮ್ಲಾದಲ್ಲೂ ಪಿಯೊದಲ್ಲೂ ಪರವಾನಗಿ ಕೊಡುತ್ತಾರೆ. ಸರ್ಕಾರಿ ಕಚೇರಿ ತೆರೆದಿರುವ ದಿನ ಅಲ್ಲಿರುವಂತೆ ನೋಡಿಕೊಳ್ಳಿ. ದಸರಾ ರಜೆಯಲ್ಲಿ ಹೋಗುವುದಾದರೆ ಇದು ಮುಖ್ಯ.

ಧಾರವಾಡದಿಂದ

ನನಗೆ ಈಗ 69 ವರ್ಷ. ಶಾಲೆಯಿಂದ ನಿವೃತ್ತನಾದ ಮೇಲೆ, ಆರು ವರ್ಷದ ಹಿಂದೆ, ರೆಕಾಂಗ್ ಪಿಯೊದಿಂದ ಸರ್ಕಾರಿ ಬಸ್ಸಿನಲ್ಲೇ ಸ್ಪಿತಿಗೆ ಹೋದೆ. ತಂಗಿ, ನಿಮ್ಮ ತಾಯಿಯವರನ್ನು ಬಿಟ್ಟು ಹೋಗಬೇಡ. ವಯಸ್ಸಾದವರು ನಿಧಾನವಾಗಿ ನಡೆಯುತ್ತಾರೆ, ಕುಳಿತು ನೋಡುತ್ತಾರೆ. ಆ ಕಣಿವೆಗೆ ಬೇಕಾದದ್ದು ಅಂಥ ನೋಟವೇ.

ಎಲ್ಲವನ್ನೂ ಮುಟ್ಟಿ ಬರುವ ಆಸೆ ಬಿಟ್ಟು ತಾಬೊದಲ್ಲಿ ಒಂದು ದಿನ ಹೆಚ್ಚಿಗೆ ಇರಿ. ಅಲ್ಲಿನ ಬೌದ್ಧ ವಿಹಾರ ಕ್ರಿ.ಶ. 996ರದು. ಹೊರಗಿನಿಂದ ನೋಡಿದರೆ ಮಣ್ಣಿನ ಗೋಡೆ, ನಮ್ಮ ಕಡೆಯ ಹಳೆಯ ಮಾಳಿಗೆಮನೆಗಳ ಹಾಗೆ. ಒಳಗೆ ಹೋದರೆ ಮೊದಲು ಕತ್ತಲೆ. ಕಣ್ಣು ಹೊಂದಿಕೊಂಡ ಮೇಲೆ, ಗೋಡೆಯಿಂದ ಈಚೆಗೆ ಬರುತ್ತಿರುವಂತೆ ಕುಳಿತ ಮಣ್ಣಿನ ವಿಗ್ರಹಗಳು ಒಂದೊಂದಾಗಿ ಕಾಣಿಸುತ್ತವೆ, ಅವುಗಳ ಸುತ್ತ ಸಾವಿರ ವರ್ಷದ ಬಣ್ಣ. ಒಳಗೆ ಫೋಟೊ ತೆಗೆಯುವಂತಿಲ್ಲ. ಸಣ್ಣ ಟಾರ್ಚ್ ಇರಲಿ.

ಅಲ್ಲಿಯ ಅಂಗಳದಲ್ಲಿ ನಾನು ಕುಳಿತಿದ್ದಾಗ ಒಬ್ಬ ಭಿಕ್ಷು ಬಂದು ಹಿಂದಿಯಲ್ಲಿ ಯಾವ ಊರೆಂದು ಕೇಳಿದರು. ಕರ್ನಾಟಕ ಎಂದೆ. ‘ಕರ್ನಾಟಕದಲ್ಲಿ ಎಲ್ಲಿ?’ ಎಂದರು, ಕನ್ನಡದಲ್ಲಿ. ನನಗೆ ಒಂದು ಕ್ಷಣ ಮಾತೇ ಹೊರಡಲಿಲ್ಲ. ಅವರು ಹುಡುಗನಾಗಿದ್ದಾಗಲೇ ಮುಂಡಗೋಡಿನ ಟಿಬೆಟನ್ ವಿಹಾರಕ್ಕೆ ಓದಲು ಬಂದು ಹದಿನಾಲ್ಕು ವರ್ಷ ಇದ್ದವರಂತೆ. ಸಂತೆಯಲ್ಲಿ ಕಲಿತ ಕನ್ನಡ, ಇನ್ನೂ ಮರೆತಿರಲಿಲ್ಲ. ‘ಅಲ್ಲಿ ರಾತ್ರಿಯೆಲ್ಲ ಹಂಚಿನ ಮೇಲೆ ಮಳೆ ಬೀಳುತ್ತಿತ್ತು. ಮೊದಲು ಹೆದರಿಕೆ, ಆಮೇಲೆ ಆ ಸದ್ದಿಲ್ಲದೆ ನಿದ್ದೆ ಬರುತ್ತಿರಲಿಲ್ಲ’ ಎಂದರು. ಆಮೇಲೆ ತಲೆಯೆತ್ತಿ ವಿಹಾರದ ಚಪ್ಪಟೆ ಮಣ್ಣಿನ ಮಾಳಿಗೆ ತೋರಿಸಿದರು. ಮುಂಡಗೋಡಿನ ಒಂದೇ ಒಂದು ಮಳೆ ಇಲ್ಲಿ ಬಿದ್ದರೆ ಈ ಸಾವಿರ ವರ್ಷದ ಬಣ್ಣ ಉಳಿಯುತ್ತದೆಯೇ ಎಂದು ಕೇಳಿದರು. ಉತ್ತರ ನನ್ನಲ್ಲಿರಲಿಲ್ಲ.

ಕಿಬ್ಬರ್‌ನಲ್ಲಿ ಒಂದು ಮನೆಯಲ್ಲಿ ತಂಗಿದ್ದೆ. ಬೆಳಗ್ಗೆ ಮನೆಯ ಅಕ್ಕ ಅರ್ಧ ಬಕೆಟ್ ಬಿಸಿನೀರು ತಂದಿಟ್ಟಳು. ಇನ್ನರ್ಧ ಕೇಳಲು ಬಾಯಿ ತೆರೆದವನು, ಅವಳು ಅದೇ ನೀರಿನ ಕೊನೆಯ ತಂಬಿಗೆಯನ್ನು ಅಡುಗೆಮನೆಗೆ ಒಯ್ಯುವುದನ್ನು ಕಂಡು ಸುಮ್ಮನಾದೆ. ಚಳಿಗಾಲದಲ್ಲಿ ಬಿದ್ದ ಹಿಮವೇ ಅವರ ಕೆರೆ. ಅದು ಕರಗಿ ಕಾಲುವೆಯಲ್ಲಿ ಇಳಿದು ಹೊಂಡ ತುಂಬಿದರೆ ಬಟಾಣಿ, ಜವೆಗೋಧಿ. ಹಿಮ ಕಡಿಮೆಯಾದರೆ ಬೆಳೆಯೂ ಕಡಿಮೆ. ಸ್ನಾನಕ್ಕೆ ಹಟ ಮಾಡಬೇಡಿ, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡರೆ ಸಾಕು. ಹಳ್ಳಿಗಳಲ್ಲಿ ಶೌಚಾಲಯವೂ ಒಣ ಬಗೆಯದು: ನೆಲದಲ್ಲೊಂದು ಕಂಡಿ, ಪಕ್ಕದಲ್ಲಿ ಮಣ್ಣಿನ ರಾಶಿ ಮತ್ತು ಸಲಿಕೆ. ಅದು ಮುಂದೆ ಹೊಲಕ್ಕೆ ಗೊಬ್ಬರವಾಗುತ್ತದೆ, ಅದರೊಳಗೆ ಪ್ಲಾಸ್ಟಿಕ್ ಏನನ್ನೂ ಹಾಕಬಾರದು. ತಾಯಿಯವರಿಗೆ ಮಂಡಿನೋವು ಇರುವುದರಿಂದ ಕುರ್ಚಿಯಂತೆ ಕೂರುವ ಕಮೋಡ್ ಇದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಕಾಜಾ, ತಾಬೊಗಳಲ್ಲಿ ಸಿಗುತ್ತದೆ.

ಹಿಮಚಿರತೆ ಓಡಾಡುವ ಊರು ಕಿಬ್ಬರ್. ಅಲ್ಲಿ ಹಳ್ಳಿಯವರ ಜೊತೆ ಎಷ್ಟೋ ವರ್ಷಗಳಿಂದ ಕೆಲಸ ಮಾಡುತ್ತಿರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್ ನಮ್ಮ ಮೈಸೂರಿನದು. ಮಗನಿಗೆ ಇದನ್ನು ಹೇಳಿ. ಲಾಂಗ್ಜಾದಲ್ಲಿ ಅವನಿಗೆ ಕಲ್ಲಿನಲ್ಲಿ ಸುರುಳಿಯಾಗಿ ಉಳಿದ ಸಮುದ್ರಜೀವಿಗಳು ಕಾಣಸಿಗುತ್ತವೆ. ಹಿಮಾಲಯ ಏಳುವ ಮೊದಲು ಅಲ್ಲಿ ಟೆಥಿಸ್ ಸಮುದ್ರವಿತ್ತು. ನೋಡಲಿ, ಮುಟ್ಟಲಿ. ಕೊಳ್ಳುವುದು, ಜೇಬಿಗೆ ಹಾಕಿಕೊಳ್ಳುವುದು ಬೇಡ. ಹೋದವರೆಲ್ಲ ಒಂದೊಂದು ತಂದರೆ ಮುಂದಿನ ಹುಡುಗನಿಗೆ ಏನೂ ಉಳಿಯುವುದಿಲ್ಲ.

ಬೆಂಗಳೂರಿನಿಂದ, ಪ್ರಶ್ನೆ ಕೇಳಿದವರು

ಎಲ್ಲರಿಗೂ ಮನಸಾರೆ ಧನ್ಯವಾದಗಳು. ಏಜೆಂಟರಿಗೆ ಬೇಡವೆಂದು ಹೇಳಿದೆವು. ದಸರಾ ರಜೆಗೆ ಹನ್ನೆರಡು ದಿನ, ಕಿನ್ನೌರ್ ಕಡೆಯಿಂದಲೇ ಹೋಗಿ ಅದೇ ದಾರಿಯಲ್ಲಿ ವಾಪಸು. ತಮ್ಮ ಪರವಾನಗಿಗಾಗಿ ಶಿಮ್ಲಾಕ್ಕೆ ಎರಡು ದಿನ ಮೊದಲೇ ಬರುತ್ತಾನೆ. ಧಾರವಾಡದ ಸರ್, ನೀವು ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದೆ. ಭಿಕ್ಷುವಿನ ಮಾತು ಬಂದಾಗ ಇನ್ನೊಮ್ಮೆ ಓದು ಎಂದರು. ಈಗ ದಿನಾ ಸಂಜೆ ಲಿಫ್ಟ್ ಬಿಟ್ಟು ಮೂರು ಮಹಡಿ ಮೆಟ್ಟಿಲು ಹತ್ತುತ್ತಿದ್ದಾರೆ. ಇದರಿಂದ ಎತ್ತರದ ತೊಂದರೆ ಕಡಿಮೆಯಾಗುತ್ತದೆಯೇ?

ಮೈಸೂರಿನಿಂದ

ಇಲ್ಲ. ಮೆಟ್ಟಿಲು ಹತ್ತುವುದರಿಂದ ಕಾಲಿಗೆ ಬಲ ಬರುತ್ತದೆ, ಮಂಡಿ ಅನುಮತಿಸುವಷ್ಟು ಹತ್ತಲಿ. ಆದರೆ ಎತ್ತರದ ಕಾಯಿಲೆಗೆ ಗಟ್ಟಿ ದೇಹ ರಕ್ಷಣೆಯಲ್ಲ, ಮ್ಯಾರಥಾನ್ ಓಡುವವರಿಗೂ ಬರುತ್ತದೆ. ತಾಯಿಯವರಿಗೆ ನೀವು ಕಲಿಸಬೇಕಾದದ್ದು ಒಂದೇ: ತಲೆನೋವು ಬಂದರೆ ಮುಚ್ಚಿಡದೆ ಹೇಳುವುದು. ನಮ್ಮ ಅಮ್ಮಂದಿರು ಮಕ್ಕಳ ಪ್ರವಾಸ ಕೆಡದಿರಲೆಂದು ನೋವು ನುಂಗಿಕೊಂಡು ಕುಳಿತುಬಿಡುತ್ತಾರೆ. ನಾರ್ಕಂಡಾದ ಮೊದಲ ರಾತ್ರಿಯಿಂದಲೇ ಮಲಗುವ ಮುಂಚೆ ನೀವಾಗಿಯೇ ಕೇಳಿ, ಊಟ ಮಾಡಿದರೇ ಎಂದು ತಟ್ಟೆ ನೋಡಿ.