ತೋಟದಿಂದ ನಿವೃತ್ತರಾದವರ ಪಿಂಚಣಿ ಮತ್ತು ಔಷಧಿಯ ಖರ್ಚು ಯಾರ ಹೊಣೆ?

ಪ್ರಶ್ನೆ (ಮೂಡಿಗೆರೆ)

ನಮ್ಮ ತಂದೆ ಕಾಫಿ ತೋಟವೊಂದರಲ್ಲಿ ರೈಟರ್ (ಆಳುಗಳ ಹಾಜರಿ, ಲೆಕ್ಕ ನೋಡುವ ಗುಮಾಸ್ತ) ಆಗಿದ್ದು 58ಕ್ಕೆ ನಿವೃತ್ತರಾದರು. ಪಿಎಫ್ ಕಚೇರಿಯಿಂದ ಬರುವ ಪಿಂಚಣಿ ತಿಂಗಳಿಗೆ ಮೂರು ಸಾವಿರ ಮುಟ್ಟುವುದಿಲ್ಲ. ಕೆಲಸದಲ್ಲಿರುವವರೆಗೆ ಬಿ.ಪಿ. ಮಾತ್ರೆ ತೋಟದ ಡಿಸ್ಪೆನ್ಸರಿಯಲ್ಲೇ ಸಿಗುತ್ತಿತ್ತು. ಕ್ವಾರ್ಟರ್ಸ್ ಖಾಲಿ ಮಾಡಿದ ಮೇಲೆ ಅದೂ ನಿಂತಿತು. ಈಗ ಸಕ್ಕರೆ ಕಾಯಿಲೆಯೂ ಸೇರಿಕೊಂಡು, ಪಿಂಚಣಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮೆಡಿಕಲ್ ಶಾಪಿಗೇ ಹೋಗುತ್ತಿದೆ. ಮಾಲೀಕರನ್ನು ದೂರಲು ಇದನ್ನು ಬರೆಯುತ್ತಿಲ್ಲ. ಅವರು ಗ್ರಾಚ್ಯುಟಿಯನ್ನು ಬಾಕಿ ಉಳಿಸದೆ ಕೊಟ್ಟಿದ್ದಾರೆ. ನನ್ನ ಪ್ರಶ್ನೆ ಇಷ್ಟೇ: ಜೀವಮಾನವಿಡೀ ದುಡಿದವರ ವೃದ್ಧಾಪ್ಯದ ಖರ್ಚನ್ನು ನ್ಯಾಯವಾಗಿ ಹೊರಬೇಕಾದವರು ದುಡಿಸಿಕೊಂಡವರೇ, ಸರ್ಕಾರವೇ ಅಥವಾ ಮಕ್ಕಳೇ?

ಉತ್ತರ 1 (ಚಿಕ್ಕಮಗಳೂರು, ತೋಟಗಳ ಲೆಕ್ಕಪತ್ರ ನೋಡುತ್ತಿದ್ದವನು)

ನಿಮ್ಮ ತಂದೆಯ ಸಂಬಳದಿಂದ ಕಡಿತವಾದ ಶೇ. 12ರಲ್ಲಿ ಒಂದು ಪೈಸೆಯೂ ಪಿಂಚಣಿ ನಿಧಿಗೆ ಹೋಗಿಲ್ಲ. ಅದು ಪಿಎಫ್ ಗಂಟಾಗಿ ನಿವೃತ್ತಿಯ ವೇಳೆ ಕೈಗೆ ಬರುತ್ತದೆ, ನಮ್ಮ ಕಡೆ ಆ ಗಂಟು ಸಾಮಾನ್ಯವಾಗಿ ಮಗಳ ಮದುವೆಗೋ ಮನೆಯ ತಾರಸಿಗೋ ಕರಗಿಹೋಗುತ್ತದೆ. ಪಿಂಚಣಿ ನಿಧಿಗೆ ಸೇರುವುದು ಮಾಲೀಕರ ಪಾಲಿನ ಶೇ. 8.33 ಮತ್ತು ಕೇಂದ್ರ ಸರ್ಕಾರದ ಶೇ. 1.16 ಮಾತ್ರ. 1995ರ ನೌಕರರ ಪಿಂಚಣಿ ಯೋಜನೆಯಲ್ಲಿ ಕೊನೆಯ 60 ತಿಂಗಳ ಸರಾಸರಿ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ. ಈ ಲೆಕ್ಕಕ್ಕೆ ಹಿಡಿಯುವ ಸಂಬಳಕ್ಕೆ 2014ರಲ್ಲಿ ನಿಗದಿಯಾದ 15,000 ರೂಪಾಯಿಯ ಮಿತಿಯಂತೆ 35 ವರ್ಷ ಸೇವೆ ಲೆಕ್ಕಕ್ಕೆ ಬಂದವರಿಗೂ ಸಾಮಾನ್ಯವಾಗಿ ಸಿಗುವುದು 7,500. ಇದಕ್ಕೆ ತುಟ್ಟಿಭತ್ಯೆ ಇಲ್ಲ, ಆದ್ದರಿಂದ ನಿವೃತ್ತಿಯ ದಿನ ನಿಗದಿಯಾದ ಮೊತ್ತವೇ ಹತ್ತು ವರ್ಷದ ನಂತರವೂ ಬರುತ್ತಿರುತ್ತದೆ. ಬೆಲೆಯೇರಿಕೆಯ ಹೊರೆ ಮಾಲೀಕರದ್ದೂ ಅಲ್ಲ, ಸರ್ಕಾರದ್ದೂ ಅಲ್ಲ, ಪಿಂಚಣಿದಾರನದ್ದೇ ಆಗಿರುವುದು ಇದರ ದೊಡ್ಡ ಅನ್ಯಾಯ ಎಂಬುದು ನನ್ನ ಅಭಿಪ್ರಾಯ.

ಚಿಕಿತ್ಸೆಯ ವಿಷಯದಲ್ಲಿ ಇನ್ನೊಂದು ತಾರತಮ್ಯವಿದೆ. ಹಾಸನದ ಗಾರ್ಮೆಂಟ್ ಕಾರ್ಖಾನೆಯಲ್ಲಿ ಇಎಸ್‌ಐ (ಕಾರ್ಮಿಕರ ಸರ್ಕಾರಿ ಆರೋಗ್ಯ ವಿಮೆ) ಕಟ್ಟಿಸಿಕೊಂಡು, ಕನಿಷ್ಠ ಐದು ವರ್ಷ ಪೂರೈಸಿ ವಯೋನಿವೃತ್ತರಾದವರು ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ಗಂಡ ಹೆಂಡತಿ ಇಬ್ಬರಿಗೂ ಚಿಕಿತ್ಸೆ ಮುಂದುವರಿಯುತ್ತದೆ. ತೋಟಗಳಿಗೆ ಇಎಸ್‌ಐ ಕಡ್ಡಾಯವಲ್ಲ. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ವೈದ್ಯಕೀಯ ಸೌಲಭ್ಯವನ್ನು ಮಾಲೀಕರ ಮೇಲೆ ಹೊರಿಸಿತಾದರೂ ಆ ಹೊಣೆ ಕೆಲಸದಲ್ಲಿರುವವರಿಗೆ ಸೀಮಿತವಾಗಿತ್ತು.

ಉತ್ತರ 2 (ಸಕಲೇಶಪುರ, ಸಣ್ಣ ಬೆಳೆಗಾರ)

ಮಾಲೀಕರು ಎಂದೊಡನೆ ನೂರಾರು ಎಕರೆಯ ಎಸ್ಟೇಟುಗಳೇ ಕಣ್ಣಿಗೆ ಬರುವುದು ಸರಿಯಲ್ಲ. ಕಾಫಿ ಹಿಡುವಳಿಗಳಲ್ಲಿ ಬಹುಪಾಲು 10 ಹೆಕ್ಟೇರಿಗಿಂತ ಚಿಕ್ಕವು; ನಮ್ಮಂಥವರಲ್ಲಿ ಖಾಯಂ ಆಳು ನಾಲ್ಕೈದು ಜನ, ಕೊಯ್ಲಿನ ಕಾಲಕ್ಕೆ ಹೊರಗಿನವರು. 20 ಜನ ಇಲ್ಲದ ಕಡೆ ಪಿಎಫ್ ಕಾಯ್ದೆಯೇ ಕಡ್ಡಾಯವಲ್ಲ. ಅಂಥ ಕಾರ್ಮಿಕ ಹತ್ತು ತೋಟಗಳಲ್ಲಿ ದುಡಿದಿರುತ್ತಾನೆ, ಅವನಿಗೆ ಕೊನೆಯ ಮಾಲೀಕನೊಬ್ಬನೇ ಪಿಂಚಣಿ ಕೊಡಬೇಕೆಂದರೆ ಹೇಗೆ? ದುಡಿಯುವ ಕಾಲದಲ್ಲಿ ಪಾಲು ಕಟ್ಟು ಎನ್ನಿ, ಕಟ್ಟುತ್ತೇನೆ. ಇಎಸ್‌ಐನಲ್ಲಿ ಮಾಲೀಕರ ಪಾಲು ಶೇ. 3.25, ಪಕ್ಕದ ತಾಲ್ಲೂಕಿನ ಆಸ್ಪತ್ರೆಯಲ್ಲಿ ನಿಜಕ್ಕೂ ಔಷಧಿ ಸಿಗುವುದಾದರೆ ಅದು ನನಗೆ ಭಾರವೇನಲ್ಲ.

ಉತ್ತರ 3 (ಹಾಸನ, ಪ್ರೌಢಶಾಲಾ ಶಿಕ್ಷಕಿ)

ಪಿಂಚಣಿ ದಯೆಯ ದಾನವಲ್ಲವೆಂದು ಸುಪ್ರೀಂ ಕೋರ್ಟ್ 1982ರ ನಕಾರಾ ಪ್ರಕರಣದಲ್ಲಿ ಹೇಳಿತ್ತು. ಆದರೂ 2006ರ ಏಪ್ರಿಲ್ ನಂತರ ರಾಜ್ಯ ಸೇವೆಗೆ ಸೇರಿದ ನಮ್ಮನ್ನು ಎನ್‌ಪಿಎಸ್‌ಗೆ (ವಂತಿಗೆಯನ್ನು ಮಾರುಕಟ್ಟೆಯಲ್ಲಿ ಹೂಡುವ ಹೊಸ ಪಿಂಚಣಿ ಯೋಜನೆಗೆ) ಹಾಕಿ, ಮಾರುಕಟ್ಟೆಯ ಏರಿಳಿತವನ್ನು ನಮ್ಮ ಪಾಲಿಗೇ ಬಿಟ್ಟರು. ಹಾಗಿದ್ದೂ ತೋಟದ ರೈಟರಿಗಿಂತ ನಮ್ಮ ಸ್ಥಿತಿ ಎಷ್ಟೋ ಮೇಲು ಎಂಬುದನ್ನು, ನಮ್ಮ ಹೋರಾಟದ ವೇದಿಕೆಗಳಲ್ಲಿ ಯಾರೂ ಹೇಳದಿದ್ದರೂ, ಒಪ್ಪಬೇಕು. ಸಂಬಳ ಪಡೆಯುವವರ ವಂತಿಗೆಯಿಂದ ಪಿಂಚಣಿ ಕಟ್ಟಬಹುದು. ಆದರೆ ವಂತಿಗೆ ಕಟ್ಟದವರನ್ನೂ ಒಳಗೊಂಡ ಕನಿಷ್ಠ ಮೊತ್ತ ಮತ್ತು ಬೆಲೆಯೇರಿಕೆಯ ಪರಿಹಾರ ತೆರಿಗೆಯ ಹಣದಿಂದಲೇ ಬರಬೇಕು. ಬಡ ವೃದ್ಧರ ಪಿಂಚಣಿಯಲ್ಲಿ ಕೇಂದ್ರದ ಪಾಲು 79 ವರ್ಷದವರೆಗೆ ತಿಂಗಳಿಗೆ 200 ರೂಪಾಯಿ ಎಂಬುದನ್ನು ನೋಡಿದರೆ ಸರ್ಕಾರ ತನ್ನ ಹೊಣೆಯನ್ನು ಎಷ್ಟು ಹಗುರವಾಗಿ ತೆಗೆದುಕೊಂಡಿದೆ ಎಂದು ತಿಳಿಯುತ್ತದೆ.

ಪ್ರಶ್ನೆ ಕೇಳಿದವರು

ರಾಜ್ಯ ಸರ್ಕಾರದ ವೃದ್ಧಾಪ್ಯ ಪಿಂಚಣಿಯಾದ ಸಂಧ್ಯಾ ಸುರಕ್ಷಾದ 1,200 ರೂಪಾಯಿಗೆ ತಂದೆ ಅರ್ಜಿ ಹಾಕಬಹುದೇ? ಅವರಿಗೆ 65 ತುಂಬಿದೆ.

ಉತ್ತರ 1 ಬರೆದವರು

ಬೇರೆ ಪಿಂಚಣಿ ಬರುತ್ತಿದ್ದರೆ ಸಿಗುವುದಿಲ್ಲ. ಪಿಎಫ್‌ನಿಂದ ಕನಿಷ್ಠ 1,000 ಪಡೆಯುವವರಿಗೂ ಇದೇ ನಿಯಮ. ಸದ್ಯಕ್ಕೆ ಮಾತ್ರೆಗಳ ಚೀಟಿಯನ್ನು ಜನೌಷಧಿ ಅಂಗಡಿಯಲ್ಲಿ ತೋರಿಸಿ ನೋಡಿ. ಐದು ಲಕ್ಷದ ಆರೋಗ್ಯ ಕಾರ್ಡು ಆಸ್ಪತ್ರೆಗೆ ದಾಖಲಾದರೆ ಉಪಯೋಗಕ್ಕೆ ಬರುತ್ತದೆಯೇ ಹೊರತು ದಿನನಿತ್ಯದ ಮಾತ್ರೆಗಳಿಗಲ್ಲ.