ಪ್ರಶ್ನೋತ್ತರ: ಬೆನ್ನುಮೂಳೆಯ ಡೆಕ್ಸಾ (ಮೂಳೆ ಸಾಂದ್ರತೆಯ ಸ್ಕ್ಯಾನ್) ಅಂಕಿಯನ್ನು ಎಷ್ಟು ನಂಬಬಹುದು?

ಸುಮಾ: ಅಮ್ಮನಿಗೆ 71. ಬೆನ್ನಿನ ಟಿ-ಸ್ಕೋರ್ (ಯೌವನದ ಸರಾಸರಿ ಮೂಳೆಗೆ ಹೋಲಿಸಿದ ಅಂಕಿ) -0.9, "ನಾರ್ಮಲ್" ಅಂತ ಬರೆದಿದ್ದಾರೆ. ಕೆಳಬೆನ್ನಿನ ಕಶೇರುಗಳು (ಬೆನ್ನುಮೂಳೆಯ ಮಣಿಗಳು) ಬಿಡಿಬಿಡಿಯಾಗಿ ಎಲ್1 -2.4, ಎಲ್2 -2.2, ಎಲ್3 +0.3, ಎಲ್4 +0.8. ತೊಡೆಮೂಳೆಯ ಕತ್ತು -2.7. ಎತ್ತರ 4 ಸೆಂ.ಮೀ. ಇಳಿದಿದೆ. ಯಾವುದನ್ನು ನಂಬಲಿ?

ಡಾಕ್ಟರ್ (ರೇಡಿಯಾಲಜಿ): ಆ "ನಾರ್ಮಲ್" ಅನ್ನು ನಂಬಬೇಡಿ. ಡೆಕ್ಸಾ ಎರಡು ಶಕ್ತಿಯ ಎಕ್ಸ್-ಕಿರಣ ಹಾಯಿಸಿ, ದಾರಿಯಲ್ಲಿ ಸಿಕ್ಕ ಖನಿಜವನ್ನೆಲ್ಲ ಚದರ ಸೆಂ.ಮೀ.ಗೆ ಇಷ್ಟು ಗ್ರಾಂ ಎಂದು ಲೆಕ್ಕ ಹಾಕುತ್ತದೆ. ಅದು ಗಟ್ಟಿ ಮೂಳೆಯೋ, ಸವೆತದಿಂದ ಬೆಳೆದ ಮುಳ್ಳೋ, ಮಹಾಧಮನಿಯಲ್ಲಿ ಕಟ್ಟಿದ ಸುಣ್ಣವೋ ಯಂತ್ರಕ್ಕೆ ತಿಳಿಯದು. ಅಕ್ಕಪಕ್ಕದ ಕಶೇರುಗಳ ಟಿ-ಸ್ಕೋರ್ ನಡುವೆ 1.0ಕ್ಕಿಂತ ಹೆಚ್ಚು ಅಂತರವಿದ್ದರೆ ಅನುಮಾನಿಸಬೇಕು; ಇಲ್ಲಿ ಎಲ್2, ಎಲ್3 ನಡುವೆ 2.5 ಇದೆ. ಎಲ್3, ಎಲ್4 ಕೈಬಿಟ್ಟು ಓದಿದರೆ ಸುಮಾರು -2.3. ಓದಲು ಎರಡು ಕಶೇರಾದರೂ ಉಳಿಯದಿದ್ದರೆ ಬೆನ್ನಿನ ಅಂಕಿಯನ್ನೇ ಬಿಟ್ಟು ಸೊಂಟ, ಮುಂಗೈ ನೋಡುತ್ತೇವೆ. -2.5 ಮತ್ತು ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್ (ಮೂಳೆ ಟೊಳ್ಳಾಗುವ ರೋಗ), ಹಾಗಾಗಿ ಆ -2.7 ಒಂದೇ ಸಾಕು.

ನನ್ನ ಚಿಂತೆ ಆ 4 ಸೆಂ.ಮೀ.: ಕಶೇರು ಕುಸಿದಿರಬಹುದು. ಕುಸಿದ ಕಶೇರಿನಲ್ಲಿ ಅಷ್ಟೇ ಖನಿಜ ಕಡಿಮೆ ವಿಸ್ತೀರ್ಣಕ್ಕೆ ಅಡಕವಾಗುತ್ತದೆ, ಮುರಿದ ಮೂಳೆಯ ಅಂಕಿ ಏರುತ್ತದೆ. ಎದೆಯ ಹಿಂಭಾಗದಿಂದ ಸೊಂಟದವರೆಗೆ ಪಕ್ಕದಿಂದ ತೆಗೆದ ಎಕ್ಸ್-ರೇ ಈ ವಾರವೇ ಮಾಡಿಸಿ. ಮುರಿತ ಕಂಡರೆ ಟಿ-ಸ್ಕೋರ್ ಏನೇ ಇರಲಿ, ಚಿಕಿತ್ಸೆ ಬೇಕು.

ಗಿರೀಶ: ಎರಡು ವರ್ಷದಲ್ಲಿ ಡೆಕ್ಸಾ ಸಾಂದ್ರತೆ 0.842 ಇದ್ದದ್ದು 0.815 ಆಗಿದೆ. ಔಷಧಿ ಫಲ ಕೊಡ್ತಿಲ್ವಾ?

ಡಾಕ್ಟರ್: ಅದೇ ಯಂತ್ರವೇ?

ಗಿರೀಶ: ಬೇರೆ ಕಂಪನಿಯದು.

ಡಾಕ್ಟರ್: ಹಾಗಾದರೆ ಹೋಲಿಸಬೇಡಿ. ಅದೇ ಯಂತ್ರವಾಗಿದ್ದರೂ 3.2% ಇಳಿಕೆ ಸಾಲದು. ಮರುಅಳತೆಯ ದೋಷ 1.9% ಇದ್ದರೆ ಅದನ್ನು 2.77ರಿಂದ ಗುಣಿಸಿ: ನಿಜವಾದ ಬದಲಾವಣೆ ಎನ್ನಲು 5.3% ದಾಟಬೇಕು.

ಲತಾ: ಮಾಮೂಲಿ ಎಕ್ಸ್-ರೇಯಲ್ಲಿ ಸಾಂದ್ರತೆ ಗೊತ್ತಾಗಲ್ವಾ?

ಡಾಕ್ಟರ್: ಇಲ್ಲ. ಸುಮಾರು 30% ಖನಿಜ ಹೋದ ಮೇಲಷ್ಟೇ ಕಣ್ಣಿಗೆ ಕಾಣುತ್ತದೆ.

ಪ್ರಕಾಶ: ಫಾರ್ವರ್ಡ್ ಬಂದಿದೆ: ಮೊಟ್ಟೆ ಚಿಪ್ಪಿನ ಪುಡಿ 21 ದಿನ ತಿಂದು ಇಂಜೆಕ್ಷನ್ ನಿಲ್ಲಿಸಿ, ಸ್ಕ್ಯಾನ್‌ನಲ್ಲೇ ವ್ಯತ್ಯಾಸ ನೋಡಿ!

ಡಾಕ್ಟರ್: ದಯವಿಟ್ಟು ಅಳಿಸಿ. ಚಿಪ್ಪು ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಕರಗದ ಕ್ಯಾಲ್ಸಿಯಂ ಕರುಳಿನಲ್ಲಿ ಬೆನ್ನುಮೂಳೆಯ ಮುಂದೆ ಕೂತರೆ ಅಂಕಿಯೇ ಕೆಡಬಹುದು. ಅದಕ್ಕೇ ಸ್ಕ್ಯಾನಿಗೆ 24 ಗಂಟೆ ಮೊದಲಿಂದ ಕ್ಯಾಲ್ಸಿಯಂ ಮಾತ್ರೆ ಬೇಡ ಅನ್ನುವುದು. ಇನ್ನು ಆರು ತಿಂಗಳಿಗೊಮ್ಮೆ ಕೊಡುವ ಮೂಳೆಯ ಇಂಜೆಕ್ಷನ್ ಡೆನೊಸುಮ್ಯಾಬ್, ಬೇರೆ ಔಷಧಿ ಶುರು ಮಾಡದೆ ನಿಂತರೆ ಒಂದರ ಹಿಂದೊಂದು ಕಶೇರು ಮುರಿಯಬಹುದು. ಇಂಥದ್ದನ್ನು ಹಂಚಬೇಡಿ.

ಪ್ರಕಾಶ: ಸಿಟಿ ಮಾಡಿಸಿದರೆ ಈ ಗೊಂದಲವೇ ಇರಲ್ಲ. ಡೆಕ್ಸಾ ದಂಡ.

ಗಿರೀಶ: ಕ್ಯೂಸಿಟಿ (ಮೂಳೆ ಸಾಂದ್ರತೆ ಅಳೆಯುವ ಸಿಟಿ) ಒಳಗಿನ ಸ್ಪಂಜು ಮೂಳೆಯನ್ನಷ್ಟೇ ಅಳೆಯುತ್ತೆ, ಮುಳ್ಳಿನ ಕಾಟ ಇಲ್ಲ ನಿಜ. ಆದ್ರೆ ವಿಕಿರಣ ಡೆಕ್ಸಾಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಅದಕ್ಕೆ ಟಿ-ಸ್ಕೋರ್ ಮಿತಿ ಹೊಂದಲ್ಲ, ಘನ ಸೆಂ.ಮೀ.ಗೆ 80 ಮಿ.ಗ್ರಾಂ ಕೆಳಗಿದ್ರೆ ಆಸ್ಟಿಯೊಪೊರೋಸಿಸ್.

ಪ್ರಕಾಶ: ನೀವೇ ಡಾಕ್ಟರಾ?

ಗಿರೀಶ: ಮೊದಲು ಆ ಫಾರ್ವರ್ಡ್ ಅಳಿಸಿ.

ವಿನುತಾ: ನನಗೆ 29. ಹಿಮ್ಮಡಿಯ ಅಲ್ಟ್ರಾಸೌಂಡ್‌ನಲ್ಲಿ -1.8 ಬಂತು. ಡೆಕ್ಸಾ ಬೇಕಾ?

ಮೋಹನ: ಮಾಮೂಲಿ ಎಕ್ಸ್-ರೇ ಸಾಕಲ್ವಾ ಸಾರ್?

ಡಾಕ್ಟರ್: ಮೇಲೆ ಓದಿ. ಸುಮಾ, ಎಕ್ಸ್-ರೇ ಆಯಿತೇ?

ಪ್ರಕಾಶ: ಅಳಿಸಲ್ಲ. ಓದುವವರು ಓದಲಿ.

ವಿನುತಾ: ಯಾರಾದ್ರೂ ಹೇಳಿ?